ಅರಿಶಿನವೋ, ಅಯೋಡಿನ್ನೋ, ಕ್ಲೋರ್‌ಹೆಕ್ಸಿಡಿನ್ನೋ: ಚಿನ್ನುವಿನ ಮೂರು ಹುಣ್ಣು
ತೀರ್ಥಹಳ್ಳಿಯ ಮಳೆಗಾಲದಲ್ಲಿ ನಮ್ಮ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಇನ್ನು ಗೋಲ್ಡನ್ ರಿಟ್ರೀವರ್‌ನ ಎರಡು ಪದರದ ಕೂದಲು ಎಲ್ಲಿಂದ ಒಣಗಬೇಕು? ನಮ್ಮ ನಾಯಿ ಚಿನ್ನುವಿಗೆ ಈವರೆಗೆ ಮೂರು ಸಲ ಹಾಟ್ ಸ್ಪಾಟ್, ಅಂದರೆ ಕೆರೆದು ನೆಕ್ಕಿ ದಿಢೀರನೆ ಏಳುವ ಹಸಿ ಹುಣ್ಣು, ಆಗಿದೆ, ಮೂರಕ್ಕೂ ಬೇರೆ ಬೇರೆ ಮದ್ದು ಮಾಡಿದ್ದೇನೆ.

ಮೊದಲನೆಯದನ್ನು ಕಂಡುಹಿಡಿದದ್ದು ಮೂಗು. ಬೆಳಿಗ್ಗೆ ಏನೂ ಇರಲಿಲ್ಲ. ಸಂಜೆ ನೋಡಿದರೆ ಕಿವಿಯ ಕೆಳಗೆ ಕೂದಲು ಅಂಟಂಟಾಗಿ ಮುದ್ದೆಗಟ್ಟಿ ನಾರುತ್ತಿತ್ತು. ಬಿಡಿಸಿದರೆ ಎಂಟಾಣೆಯಷ್ಟು ಅಗಲ ಕೆಂಪು ಗಾಯ, ರಸಿ ಒಸರುತ್ತಿದೆ. ಎಂದೂ ಗುರ್ ಅನ್ನದ ನಾಯಿ ಮುಟ್ಟಿದ್ದಕ್ಕೆ ಗುರ್ ಎಂದಿತು. ಅತ್ತೆ 'ಹುಳುಕಡ್ಡಿ' ಅಂದರು. ಹುಳುಕಡ್ಡಿ ಸಾಮಾನ್ಯವಾಗಿ ನಿಧಾನಕ್ಕೆ ಹರಡುತ್ತದೆ, ಒಣ ಹೊಟ್ಟೇಳುತ್ತದೆ, ನಮಗೂ ಅಂಟುತ್ತದೆ. ಹಾಟ್ ಸ್ಪಾಟ್ ಗಂಟೆಗಳಲ್ಲಿ ಬೆಳೆಯುತ್ತದೆ, ಹಸಿಯಾಗಿರುತ್ತದೆ, ಅಂಟುಜಾಡ್ಯವಲ್ಲ.

ಆ ಸಲ ಹಚ್ಚಿದ್ದು ಅರಿಶಿನ, ಕೊಬ್ಬರಿ ಎಣ್ಣೆ. ನಮ್ಮ ಕೈಕಾಲಿನ ಗಾಯಕ್ಕೆಲ್ಲ ಅದೇ ತಾನೆ? ಆದರೆ ಎಣ್ಣೆ ಕೂದಲನ್ನು ಇನ್ನಷ್ಟು ಅಂಟಿಸಿತು, ಒಳಗಿನ ತೇವ ಒಳಗೇ ಉಳಿಯಿತು. ಅರಿಶಿನದ ಹಳದಿಯಲ್ಲಿ ಕೆಂಪು ಎಲ್ಲಿಯವರೆಗೆ ಹರಡಿದೆ ಎಂಬುದೇ ಕಾಣಲಿಲ್ಲ. ಅವಳು ಕಾಲಿನಿಂದ ಕೆರೆದು, ಆ ಕಾಲು ನೆಕ್ಕಿ, ಎಣ್ಣೆಯ ರುಚಿಗೆ ಮತ್ತೆ ಕೆರೆದಳು. ಮೂರನೇ ದಿನ ಡಾಕ್ಟರ ಬಳಿ ಓಡಿದೆ. ಅವರು ಮಾಡಿದ ಮೊದಲ ಕೆಲಸ ಟ್ರಿಮ್ಮರ್ ಹಿಡಿದದ್ದು. ಕೂದಲು ಹೋದ ಮೇಲೆ ನೋಡಿದರೆ ಗಾಯ ಅಂಗೈ ಅಗಲ! ಮೂಲ ಇದ್ದದ್ದು ಕಿವಿಯೊಳಗಿನ ಸೋಂಕಿನಲ್ಲಿ. ಆ ತುರಿಕೆಗೇ ಅವಳು ಕೆರೆದುಕೊಂಡದ್ದು.

ಎರಡನೆಯದು ಬಾಲದ ಬುಡದಲ್ಲಿ, ಚಿಗಟದ ಕೃಪೆ. ಗಾಯಕ್ಕೆ ಹಚ್ಚುವ ಕಂದು ದ್ರವ ಪೊವಿಡೋನ್ ಅಯೋಡಿನ್ನನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ದಿನಕ್ಕೆರಡು ಸಲ ಒರೆಸಿದೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅಗ್ಗ, ಕೆಲಸವೂ ಮಾಡಿತು. ಆದರೆ ಕೂದಲು ಕತ್ತರಿಸಿದ್ದು ಅರೆಬರೆ, ಹಾಗಾಗಿ ಒಣಗಲು ವಾರವೇ ಹಿಡಿಯಿತು. ಚಾಪೆಗೆಲ್ಲ ಕಂದು ಕಲೆ ಬೇರೆ.

ಮೂರನೆಯದಕ್ಕೆ, ಕಳೆದ ಆಷಾಢದಲ್ಲಿ, ಬುದ್ಧಿ ಬಂದಿತ್ತು. ಸುತ್ತ ಒಳ್ಳೆಯ ಚರ್ಮ ಕಾಣುವವರೆಗೂ ಟ್ರಿಮ್ ಮಾಡಿ, ಡಾಕ್ಟರು ಹೇಳಿದ ಅಳತೆಯಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ದ್ರವವನ್ನು ತೆಳು ಮಾಡಿ ತೊಳೆದು, ಹತ್ತಿಬಟ್ಟೆ ಒತ್ತಿ ಒಣಗಿಸಿ, ನೆಕ್ಕದಂತೆ, ಕೆರೆಯದಂತೆ ಕೊರಳಿಗೆ ಲಾಳಿಕೆಯಾಕಾರದ ಕೋನ್ ಹಾಕಿದೆ. ಮರುದಿನವೇ ರಸಿ ನಿಂತಿತು, ನಾಲ್ಕನೇ ದಿನಕ್ಕೆ ಹಕ್ಕಳೆ ಕಟ್ಟಿತು. ಕ್ಲೋರ್‌ಹೆಕ್ಸಿಡಿನ್ನಿನಿಂದ ಅಯೋಡಿನ್ನಿನಂತೆ ಕಂದು ಕಲೆಯಿಲ್ಲ, ಅದರ ಪರಿಣಾಮವೂ ಚರ್ಮದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕಣ್ಣಿಗೆ, ಕಿವಿಯೊಳಗೆ ಮಾತ್ರ ತಾಗಬಾರದು. ತುರಿಕೆಯ ಮಾತ್ರೆಯನ್ನೂ ಡಾಕ್ಟರು ಕೊಟ್ಟಿದ್ದರು, ಆದ್ದರಿಂದ ಪೂರ್ತಿ ಶ್ರೇಯಸ್ಸು ಬಾಟಲಿಗೆ ಸಲ್ಲದು. ನನ್ನನ್ನು ಕೇಳಿದರೆ ಅರ್ಧ ಅಂಕ ಟ್ರಿಮ್ಮರಿಗೇ. ಇವತ್ತು ಮನೆಯಲ್ಲಿ ಅಯೋಡಿನ್ ಮಾತ್ರ ಇದ್ದರೂ ಹೆದರುವುದಿಲ್ಲ, ಟ್ರಿಮ್ಮರ್ ಇಲ್ಲದಿದ್ದರೆ ಹೆದರುತ್ತೇನೆ.

ಕೋನ್ ಬದಲು ಹಳೇ ಟೀ ಶರ್ಟನ್ನೂ ತೊಡಿಸಿ ನೋಡಿದ್ದೆ. ಪಾಪ ಎನಿಸುವುದಿಲ್ಲ ಎಂಬುದೊಂದೇ ಲಾಭ. ಒದ್ದೆಯಾಗಿ ಗಾಯಕ್ಕೇ ಅಂಟಿತು.

ನಮ್ಮ ಮುಲಾಮು, ನೋವಿನ ಮಾತ್ರೆಗಳನ್ನು ಮಾತ್ರ ಪ್ರಯೋಗಿಸಬೇಡಿ. ಸತುವಿನ ಕ್ರೀಮು ನೆಕ್ಕಿದರೆ ವಿಷ, ಐಬುಪ್ರೊಫೆನ್ ಅದಕ್ಕಿಂತ ಅಪಾಯ. ಗಾಯದ ಸುತ್ತ ಕೀವುಗುಳ್ಳೆ ಎದ್ದರೆ, ನಾಯಿ ಮಂಕಾಗಿ ಊಟ ಬಿಟ್ಟರೆ ಸೋಂಕು ಆಳಕ್ಕಿಳಿದಿರಬಹುದು. ಯಾವ ಬಾಟಲಿ ಎಂದು ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಈ ವರ್ಷ ಮಳೆಯಲ್ಲಿ ತಿರುಗಿ ಬಂದ ಕೂಡಲೇ ಚಿನ್ನುವನ್ನು ಟೇಬಲ್ ಫ್ಯಾನಿನ ಮುಂದೆ ಕೂರಿಸುತ್ತೇವೆ. ಕರೆಂಟ್ ಇದ್ದರೆ.