ಫೆಸೆಂಟ್ ಮೊಟ್ಟೆಗೆ ಈ ಕಾವು ಯಂತ್ರ ಸಾಲುತ್ತದೆಯೇ?

ಗೂಡಿನಲ್ಲಿ ಸಾಕಿದ ಫೆಸೆಂಟ್ (ಕೋಳಿಯ ಕುಲಕ್ಕೆ ಸೇರಿದ ಹಕ್ಕಿ) ಹೇಂಟೆಗಳು ಮೊಟ್ಟೆಗೆ ಕೊರತೆ ಮಾಡುವುದಿಲ್ಲ, ಆದರೆ ಕಾವಿಗೆ ಕೂರುವುದು ಅಪರೂಪ. ಕಂಡಲ್ಲಿ ನೆಲದ ಮೇಲೆ ಇಟ್ಟು ನಡೆದುಬಿಡುತ್ತವೆ. ಮರಿ ಬೇಕೆಂದರೆ ಯಂತ್ರವೇ ಗತಿ. ಕಳೆದ ಋತುವಿನಿಂದ ನಾನು ಬಳಸುತ್ತಿರುವುದು ಫ್ಯಾನ್ ಇರುವ, ಮೊಟ್ಟೆಗಳನ್ನು ತಾನೇ ಹೊರಳಿಸುವ, 48 ಮೊಟ್ಟೆ ಹಿಡಿಯುವ ಸಣ್ಣ ಮಾದರಿ.

ಉಷ್ಣಾಂಶದಲ್ಲಿ ಇದು ನಂಬಿಕಸ್ತ. 37.5 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟರೆ ಕದಲುವುದಿಲ್ಲ. ಒಳಗೆ ಬೇರೊಂದು ಥರ್ಮಾಮೀಟರ್ ಇಟ್ಟು ಮೂಲೆ ಮೂಲೆಯಲ್ಲೂ ನೋಡಿದ್ದೇನೆ.

ನನ್ನ ತಕರಾರು ತಟ್ಟೆಯದು. ಅದರ ಗುಳಿಗಳೆಲ್ಲ ಕೋಳಿಮೊಟ್ಟೆಯ ಅಳತೆಗೆ ಇವೆ. ಫೆಸೆಂಟ್ ಮೊಟ್ಟೆ ಸುಮಾರು 30 ಗ್ರಾಂ ತೂಗುತ್ತದೆ, ಕೋಳಿಮೊಟ್ಟೆಗಿಂತ ಬಹಳ ಚಿಕ್ಕದು. ತಟ್ಟೆ ವಾಲಿದಾಗಲೆಲ್ಲ ಗುಳಿಯೊಳಗೆ ಅದು ಜಾರಿ ಅಡ್ಡ ಮಲಗುತ್ತದೆ. ಕೆಲವಂತೂ ಚೂಪು ತುದಿ ಮೇಲಾಗಿ ನಿಲ್ಲುತ್ತವೆ. ಹೊರಬರುವ ಮೊದಲು ಮರಿ ಉಸಿರಾಡುವ ಗಾಳಿಕೋಶ ಇರುವುದು ದಪ್ಪ ತುದಿಯಲ್ಲಿ. ಅದು ಕೆಳಗಾದರೆ ಮರಿಯ ತಲೆ ತಪ್ಪು ದಿಕ್ಕಿಗೆ ತಿರುಗಿ, ಚಿಪ್ಪು ಒಡೆಯಲಾರದೆ ಒಳಗೇ ಸಾಯುವ ಅಪಾಯ ಹೆಚ್ಚು. ಜೊತೆಗೆ ಸಿಗುವ, ಗೌಜಲ ಹಕ್ಕಿಯ ಮೊಟ್ಟೆಗಳ ತಟ್ಟೆ ತೀರಾ ಕಿರಿದು. ಸದ್ಯ ಪ್ರತಿ ಗುಳಿಗೂ ಸ್ಪಂಜಿನ ಪಟ್ಟಿ ಸುತ್ತಿ ನಿಭಾಯಿಸುತ್ತಿದ್ದೇನೆ. ಆದರೆ ಇದು ಕೊಳ್ಳುವವರು ಮಾಡಬೇಕಾದ ಕೆಲಸವಲ್ಲ, ತಯಾರಕರು ನಡುವಿನ ಅಳತೆಯ ತಟ್ಟೆಯೊಂದನ್ನು ಕೊಡಲೇಬೇಕು.

ಒಳಗೆ ಮರಿ ಬೆಳೆಯುತ್ತಿದೆಯೇ ಎಂದು ಮೊಟ್ಟೆ ಪರೀಕ್ಷಿಸಲು ಕೊಟ್ಟಿರುವ ದೀಪವೂ ಮಂಕು. ಬಿಳಿ ಚಿಪ್ಪಿಗೆ ಸರಿಹೋದೀತು. ಫೆಸೆಂಟಿನ ಹಸಿರು ಮಿಶ್ರಿತ ಕಂದು ಚಿಪ್ಪಿನಲ್ಲಿ ಏಳನೇ ದಿನ ಏನೂ ಕಾಣದು. ಪ್ರಖರವಾದ ಟಾರ್ಚ್ ಹಿಡಿದು, ಕೋಣೆ ಕತ್ತಲು ಮಾಡಿ, ಹತ್ತನೇ ದಿನ ನೋಡುವುದು ಮೇಲು.

ಮನಸ್ಸು ಗೆದ್ದದ್ದು ನೀರಿನ ವ್ಯವಸ್ಥೆ. ಮುಚ್ಚಳ ತೆರೆಯದೆ ಹೊರಗಿನ ಕೊಳವೆಯಿಂದಲೇ ನೀರು ಸುರಿಯಬಹುದು. 21ನೇ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶವನ್ನು ಶೇ 70ರ ಆಸುಪಾಸಿಗೆ ಏರಿಸಬೇಕು. 23ರಿಂದ 25ನೇ ದಿನದೊಳಗೆ ಮರಿಗಳು ಹೊರಬರುತ್ತವೆ. ಆ ಹೊತ್ತಿನಲ್ಲಿ ಮುಚ್ಚಳ ತೆಗೆದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಕೊಳವೆ ಇರುವುದರಿಂದ ಆ ಆತಂಕವಿಲ್ಲ. ಆದರೆ ತೇವಾಂಶ ಮಾಪಕ ಇದರಲ್ಲಿಲ್ಲ, ಬೇರೆಯೇ ಕೊಳ್ಳಬೇಕು. ತಳದ ಪ್ಲಾಸ್ಟಿಕ್ ನುಣುಪಾಗಿದ್ದು ಒದ್ದೆ ಮರಿಗಳ ಕಾಲು ಅಗಲಕ್ಕೆ ಜಾರುತ್ತದೆ. ಒರಟು ಬಟ್ಟೆ ಹಾಸಿಕೊಳ್ಳಿ.

ಒಂದು ಹುಂಜ, ಆರೇಳು ಹೇಂಟೆಗಳ ಒಂದು ಗುಂಪಿದ್ದರೆ ವಾರದ ಮೊಟ್ಟೆಗಳಿಗೆ ಈ ಯಂತ್ರ ಸಾಕು. ಎರಡು ಗುಂಪು ಇಟ್ಟವರು ದೊಡ್ಡದನ್ನೇ ನೋಡಲಿ, ಏಕೆಂದರೆ ಸರದಿ ಕಾಯುತ್ತಾ ಹತ್ತು ದಿನ ದಾಟಿದ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆ.