ಎರಡು ಮೀಟರ್ ಉದ್ದ ಜಾಸ್ತಿ ಇರೋ ಟ್ರೇಲರ್: ಎಂಟು ತಿಂಗಳು ಓಡಿಸಿದ ಮೇಲೆ

ದಾವಣಗೆರೆಯಲ್ಲಿ ಮಂಡಕ್ಕಿ ಚೀಲ ಹೇರಿದ ಲಾರಿ ನೋಡಿದವರಿಗೆ ಈ ಟ್ರೇಲರ್ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಗಾಡಿ ಪೂರ್ತಿ ತುಂಬಿರುತ್ತೆ, ತೂಕ ಮಾತ್ರ ಏನೂ ಇರಲ್ಲ. ಇಂಗ್ಲೆಂಡಿನಲ್ಲಿ ನಾನು ರಾತ್ರಿ ಪಾಳಿಯಲ್ಲಿ ಸಾಗಿಸೋದು ಟಾಯ್ಲೆಟ್ ಪೇಪರ್, ಡ್ಯಾವೆಂಟ್ರಿಯಿಂದ ಎಂ6 ಮೋಟಾರ್‌ವೇ (ದೊಡ್ಡ ಹೆದ್ದಾರಿ) ಹಿಡಿದು ವಾರಿಂಗ್ಟನ್‌ಗೆ. ಅದೂ ಮಂಡಕ್ಕಿ ಜಾತಿಯದೇ.

ಮಾಮೂಲಿ ಟ್ರೇಲರ್ 13.6 ಮೀಟರ್, ಇದು 15.65. ಅದರಲ್ಲಿ 26 ಪ್ಯಾಲೆಟ್ (ಸರಕು ಪೇರಿಸೋ ಮರದ ಹಲಗೆ) ಹಿಡಿದರೆ ಇದರಲ್ಲಿ 30. ಅಂದರೆ 15 ಟ್ರಿಪ್ಪಿನ ಸರಕು 13 ಟ್ರಿಪ್ಪಿಗೆ ಮುಗೀತು. ಎರಡು ಟ್ರಿಪ್ಪಿನ ಡೀಸೆಲ್ಲೂ ಹೊಗೆಯೂ ಉಳೀತು. ಆದರೆ ಒಟ್ಟು ತೂಕದ ಮಿತಿ ಅದೇ 44 ಟನ್. ಟ್ರೇಲರ್‌ದೇ ತೂಕ ಜಾಸ್ತಿ ಆಗಿರೋದರಿಂದ ಬಿಯರ್, ನೀರಿನ ಬಾಟಲಿ ಸಾಗಿಸೋರಿಗೆ ಇದು ನಷ್ಟದ ಬಾಬ್ತು.

ನಮ್ಮದರಲ್ಲಿ ಹಿಂದಿನ ಆಕ್ಸಲ್ ತಿರುವಿಗೆ ತಕ್ಕಂತೆ ತಾನೇ ತಿರುಗುತ್ತೆ. ರೌಂಡ್‌ಅಬೌಟಿನಲ್ಲಿ ಒಳಗಿನ ಚಕ್ರ ಕಲ್ಲು ಹತ್ತದೆ ಬರುತ್ತೆ, ಅದಕ್ಕೆ ಪೂರ್ತಿ ಮಾರ್ಕ್ಸ್. ತೊಂದರೆ ಇರೋದು ಬಾಲದ್ದು. ಎಡಕ್ಕೆ ತಿರುಗಿಸಿದಾಗ ಹಿಂಬದಿಯ ಬಲಮೂಲೆ ಪಕ್ಕದ ಲೇನಿಗೆ ಬೀಸುತ್ತೆ, ಅದೇ ಹೊತ್ತಿಗೆ ಬಲಗನ್ನಡಿಯಲ್ಲಿ ಟ್ರೇಲರ್ ಕಾಣೋದೇ ನಿಂತುಹೋಗುತ್ತೆ. ಮೊದಲ ವಾರವೇ ಯಾರ್ಡಿನಲ್ಲಿ ಒಂದು ಕೋನ್ ಮಲಗಿಸಿದೆ. ಸದ್ಯ, ಬರೀ ಕೋನ್. ರಿವರ್ಸಿನಲ್ಲಿ ಆ ಆಕ್ಸಲ್ ಲಾಕ್ ಆಗುತ್ತೆ, ಹಾಗಾಗಿ ಡಾಕ್‌ಗೆ (ಸರಕು ಇಳಿಸೋ ಕಟ್ಟೆಗೆ) ಹಾಕೋಕೆ ಒಂದು ಸಲ ಜಾಸ್ತಿ ಹಿಂದೆಮುಂದೆ ಮಾಡಬೇಕು. ಗಾಡಿ ಪೂರ್ತಿ 18.55 ಮೀಟರ್, ಹೆದ್ದಾರಿ ಪಕ್ಕದ ಸರ್ವೀಸ್ ಏರಿಯಾದಲ್ಲಿ ನಿಲ್ಲಿಸಿದರೆ ಮೂತಿ ಪಾರ್ಕಿಂಗ್ ಗೆರೆ ದಾಟಿರುತ್ತೆ.

ಬ್ರಿಟನ್‌ನಲ್ಲಿ 2012ರಿಂದ ಇದರ ಪ್ರಯೋಗ ನಡೆದು, 2023ರ ಮೇ 31ರಿಂದ ಕಾಯಂ ಅನುಮತಿ ಸಿಕ್ಕಿತು. ಗಾಯದ ಅಪಘಾತ ಮಾಮೂಲಿ ಲಾರಿಗಿಂತ ಸುಮಾರು 61% ಕಮ್ಮಿ ಅನ್ನೋದು ಸರ್ಕಾರದ ಲೆಕ್ಕ. ಲೆಕ್ಕ ಸುಳ್ಳು ಅನ್ನಲ್ಲ, ಆದರೆ ಅದರ ಶ್ರೇಯ ಬರೀ ಟ್ರೇಲರ್‌ಗೆ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ. ನಮಗೆ ಬೇರೆ ತರಬೇತಿ ಇದೆ. ಯಾವ ದಾರಿ, ಎಲ್ಲಿ ಅಪಾಯ ಅಂತ ಮೊದಲೇ ಬರೆದಿಡೋದು ಕಂಪನಿಗೆ ಕಡ್ಡಾಯ. ಓಡೋದೂ ಹೆಚ್ಚಾಗಿ ಮೋಟಾರ್‌ವೇನಲ್ಲೇ.

ಹೋದ ತಿಂಗಳು ಎಂ6 ಮುಚ್ಚಿ, ಹಳ್ಳಿ ರಸ್ತೆಗೆ ಡೈವರ್ಷನ್ ಬೋರ್ಡ್ ಹಾಕಿದ್ದರು. ಆಫೀಸಿಗೆ ಫೋನ್ ಮಾಡಿದರೆ, "ಎಲ್ಲರೂ ಹೋಗ್ತಿದ್ದಾರಲ್ಲ, ನೀವೂ ಹೋಗಿ" ಅಂದರು. ನನ್ನ ರೂಟ್ ಹಾಳೆಯಲ್ಲಿ ಆ ರಸ್ತೆಯೇ ಇಲ್ಲ. ಸರ್ವೀಸ್ ಏರಿಯಾಗೆ ಹಾಕಿ, ಚಹಾ ಕುಡಿದು ಕೂತೆ. 13.6ರ ಡ್ರೈವರ್‌ಗಳು ಒಬ್ಬೊಬ್ಬರಾಗಿ ಕೈಬೀಸಿ ಹೊರಟರು.