ಶಾರ್ಟ್ ಫಿಲ್ಮ್‌ಗೆ ಕ್ರೌಡ್‌ಫಂಡಿಂಗ್ ಸೈಟಲ್ಲಿ ದುಡ್ಡು ಎತ್ತಿದ ಕತೆ, ರೇಟಿಂಗ್ 5ಕ್ಕೆ ಎರಡೂವರೆ

ಸೈಟಿನ ಹೆಸರು ಹಾಕಲ್ಲ, ಸುಮ್ನೆ ಜಗಳ ಯಾಕೆ. ನಮ್ಮ ದೇಶದ್ದೇ ಸೈಟು, ಆಪರೇಷನ್‌ಗೆ, ಶಾಲೆ ಕಟ್ಟಡಕ್ಕೆ, ಸಿನ್ಮಾಕ್ಕೆ ಎಲ್ಲದಕ್ಕೂ ದುಡ್ಡು ಎತ್ತಿಕೊಡ್ತೀವಿ ಅಂತಾರಲ್ಲ, ಅಂಥದ್ದೊಂದು. ಅಮೆರಿಕದ ದೊಡ್ಡ ಕ್ರೌಡ್‌ಫಂಡಿಂಗ್ ಸೈಟು ಕಿಕ್‌ಸ್ಟಾರ್ಟರ್ ಯಾಕೆ ನೋಡಿಲ್ಲ ಅಂತ ಕೇಳಬೇಡಿ, ಅಲ್ಲಿ ಪ್ರಾಜೆಕ್ಟ್ ಶುರು ಮಾಡಬಹುದಾದ ದೇಶಗಳ ಲಿಸ್ಟಲ್ಲಿ ಇಂಡಿಯಾನೇ ಇಲ್ಲ, ನಮಗೂ ಅರ್ಧ ಫಾರ್ಮ್ ತುಂಬಿದ ಮೇಲೆ ಗೊತ್ತಾಗಿದ್ದು.

ನಾವು ಐದು ಜನ, ಶಿವಮೊಗ್ಗದಲ್ಲಿ ಡಿಗ್ರಿ ಓದ್ತಿದ್ವಿ. 18 ನಿಮಿಷದ ಫಿಲ್ಮು. ಹೊಸನಗರ ಕಡೆಯ ಒಬ್ಬ ಹುಡುಗ, ಐದನೇ ಕ್ಲಾಸಿಂದ ಯಕ್ಷಗಾನದಲ್ಲಿ ಬಾಲಗೋಪಾಲ ವೇಷ (ಆಟದ ಶುರುವಲ್ಲಿ ಚಿಕ್ಕ ಹುಡುಗರು ಕುಣಿಯೋದು) ಕಟ್ಟಿಕೊಂಡು ಬಂದೋನು, ಒಂದು ಮಳೆಗಾಲ ಮುಗಿಯೋಷ್ಟರಲ್ಲಿ ಗಂಟಲು ಒಡೆದು ಮೀಸೆ ಚಿಗುರಿ ಆ ವೇಷಕ್ಕೆ ಆಗಲ್ಲ ಅನ್ನಿಸಿಕೊಳ್ತಾನೆ, ದೊಡ್ಡ ವೇಷ ಇನ್ನೂ ಯಾರೂ ಕೊಡಲ್ಲ. ಅಷ್ಟೇ ಕತೆ. ಬಜೆಟ್ 1,20,000. ಕ್ಯಾಮೆರಾ, ವೇಷದ ಬಾಡಿಗೆ, ಜೀಪು, ಊಟ. ಸೌಂಡಿಗೆ ಸ್ವಲ್ಪ ಜಾಸ್ತಿನೇ ಇಟ್ಟಿದ್ವಿ, ಹೆಂಚಿನ ಮನೆ ಒಳಗೆ ಮಳೆ ಹೊಯ್ಯುವಾಗ ಡೈಲಾಗ್ ರೆಕಾರ್ಡ್ ಮಾಡಿ ನೋಡಿ, ಯಾಕೆ ಅಂತ ಗೊತ್ತಾಗುತ್ತೆ.

ಪೇಜ್ ಮಾಡೋದು ಸುಲಭ, ಅದಕ್ಕೆ ಫುಲ್ ಮಾರ್ಕ್ಸ್. ಒಂದು ಸಂಜೆ ಕೆಲಸ. ಪ್ಯಾನ್ ಕಾರ್ಡು, ಬ್ಯಾಂಕ್ ಅಕೌಂಟು, ಕಾಲೇಜಿನ ಒಂದು ಲೆಟರ್, ಮುಗೀತು. ಆಮೇಲೆ ಸೈಟಿಂದ ಒಬ್ಬಳು ಹುಡುಗಿ ಫೋನ್ ಮಾಡಿ, ಪಾಪ ಒಳ್ಳೇ ಮನಸ್ಸಿಂದಾನೇ, ಇದು ಕಮಿಂಗ್ ಆಫ್ ಏಜ್, ಅಂದ್ರೆ ಹುಡುಗ ದೊಡ್ಡವನಾಗೋ ಥರದ ಫಿಲ್ಮ್ ಅಲ್ವಾ, ಅದನ್ನ ಟೈಟಲಲ್ಲೇ ಹಾಕಿ ಅಂದ್ಲು. ಕನ್ನಡದಲ್ಲಿ ಅದಕ್ಕೆ ಎಂತ ಹೇಳೋದು? ನಮ್ಮ ಎಡಿಟರ್ ಮಹಾಶಯ ‘ವಯಸ್ಸಿಗೆ ಬರುವ ಕತೆ’ ಅಂತ ಹಾಕಿ ಫ್ಯಾಮಿಲಿ ಗ್ರೂಪಿಗೆಲ್ಲ ಕಳಿಸಿಬಿಟ್ಟ. ಅರ್ಧ ಗಂಟೇಲಿ ರಿಪ್ಪನ್‌ಪೇಟೆಯ ದೊಡ್ಡಪ್ಪನ ಫೋನು, “ಇದೆಂಥ ಫಿಲ್ಮಾ ಮಾಣಿ, ನಿಮ್ಮಪ್ಪಂಗೆ ಗೊತ್ತುಂಟಾ?” ಅಂತ. ‘ಮೀಸೆ ಬಂದ ಮಳೆಗಾಲ’ ಅಂತ ಬದಲಾಯಿಸಿದ ಮೇಲೆ ಅವರೇ ಮೊದಲ 1,000 ಹಾಕಿದ್ರು.

ಆ 1,000ದಿಂದಲೇ ತಲೆನೋವು ಶುರುವಾಗಿದ್ದು ಮಾರಾಯ್ರೆ. ಸೈಟಲ್ಲಿ ದೊಡ್ಡದಾಗಿ ‘ಝೀರೋ ಪರ್ಸೆಂಟ್ ಫೀ’ ಅಂತ ಬರೆದಿದೆ. ನಿಜ, ಸೈಟಿನ ಫೀ ನಮಗೆ ಝೀರೋ. ಕೊಡೋರ ಕಡೆ ಮಾತ್ರ ಪೇಮೆಂಟ್ ಪೇಜಲ್ಲಿ ‘ಟಿಪ್’ ಅಂತ ಒಂದಿದೆ, ಅದು ಮೊದಲೇ 12 ಪರ್ಸೆಂಟಿಗೆ ಸೆಟ್ ಆಗಿ ಕೂತಿರುತ್ತೆ, ಬೇಡ ಅಂದ್ರೆ ನೀವೇ ಎಳೆದು ಸೊನ್ನೆಗೆ ತರಬೇಕು. ದೊಡ್ಡಪ್ಪಂಗೆ ಅದೆಲ್ಲ ಹೇಗೆ ಗೊತ್ತಾಗಬೇಕು, 1,000 ಒತ್ತಿದ್ರು 1,120 ಹೋಯ್ತು. 120 ರೂಪಾಯಿ ದೊಡ್ಡದಲ್ಲ, ಆದ್ರೆ “ನಿಮ್ಮ ಹುಡುಗ ಜಾಸ್ತಿ ಕತ್ತರಿಸಿದ” ಅನ್ನೋ ಮಾತು ಊರು ಸುತ್ತೋಕೆ ಎಷ್ಟೊತ್ತು ಬೇಕು ಹೇಳಿ. ಆಮೇಲಿಂದ ಲಿಂಕ್ ಕಳಿಸಿದ ಪ್ರತಿಯೊಬ್ಬರಿಗೂ ಟಿಪ್ ತೆಗೆಯೋದು ಹೇಗೆ ಅಂತ ವಾಯ್ಸ್ ಮೆಸೇಜು ಕಳಿಸೋದೇ ನನ್ನ ಕೆಲಸ ಆಯ್ತು.

ಆಡಿಟರ್ ಮಾವ 80ಜಿ ರಸೀದಿ, ಅಂದ್ರೆ ದಾನ ಕೊಟ್ಟಿದ್ದಕ್ಕೆ ಇನ್‌ಕಮ್ ಟ್ಯಾಕ್ಸಲ್ಲಿ ವಿನಾಯಿತಿ ಸಿಗೋ ರಸೀದಿ ಕೇಳಿದ್ರು. ಅದು ರಿಜಿಸ್ಟರ್ ಆಗಿರೋ ಟ್ರಸ್ಟು ಸಂಸ್ಥೆಗಳಿಗೆ ಮಾತ್ರ, ಐದು ಜನ ಹುಡುಗರಿಗೆ ಎಲ್ಲಿಂದ ಬರಬೇಕು. ಡಲ್ಲಾಸ್‌ನಲ್ಲಿರೋ ಕಸಿನ್ ಕಾರ್ಡನ್ನ ಸೈಟು ತಗೊಳ್ಳಲೇ ಇಲ್ಲ, ಕೊನೆಗೆ ಅವನಪ್ಪ ಇಲ್ಲಿಂದಲೇ ಕೊಟ್ರು.

ಈಗ ಮೇನ್ ವಿಷಯ. 45 ದಿನಕ್ಕೆ ಬಂದಿದ್ದು 80,000. ಒಟ್ಟು 71 ಜನ ಕೊಟ್ಟಿದ್ದು, ಅದರಲ್ಲಿ 62 ಜನ ನಮ್ಮಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಗೊತ್ತಿರೋರೇ, 6 ಜನ ಹೆಸರು ಹಾಕಿಲ್ಲ, ಸೈಟಲ್ಲೇ ನೋಡಿ ಕೊಟ್ಟ ಅಪರಿಚಿತರು ಬರೀ 3 ಜನ. ಅಂದ್ರೆ ಕ್ರೌಡು ಸೈಟಲ್ಲಿ ಇರಲ್ಲ, ನಾವೇ ಹೊತ್ಕೊಂಡು ಹೋಗಬೇಕು. ನಮ್ಮ ತಲೆಗೆ ಹುಳ ಬಿಟ್ಟಿದ್ದು ‘ಲೂಸಿಯಾ’. 2013ರ ಆ ಸಿನ್ಮಾಕ್ಕೆ ಸುಮಾರು 110 ಜನ ಸೇರಿ 51 ಲಕ್ಷ ಹಾಕಿದ್ರಲ್ಲ, ನಮಗೆ ಒಂದೂಕಾಲು ಲಕ್ಷ ಆಗಲ್ವಾ ಅಂದ್ಕೊಂಡ್ವಿ. ಆ ಡೈರೆಕ್ಟರ್ ಅದಕ್ಕೂ ಮುಂಚೆನೇ ಒಂದು ಸಿನ್ಮಾ ಮಾಡಿ ಜನರಿಗೆ ಗೊತ್ತಾಗಿದ್ರು, ಬ್ಲಾಗ್ ಓದೋರಿದ್ರು ಅನ್ನೋದು ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ, ಸೈಟಿನದಲ್ಲ. ಶುರು ಮಾಡಿದ್ದು ಮೇ 15ಕ್ಕೆ. ತೋಟದವರ ಮನೇಲಿ ಹುಟ್ಟಿ ಬೆಳೆದ ನನಗಾದ್ರೂ ಹೊಳೀಬೇಕಿತ್ತು. ಮೇ ಜೂನಲ್ಲಿ ದುಡ್ಡು ಬರಲ್ಲ, ಹೋಗುತ್ತೆ. ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ ತರಬೇಕು, ಔಷಧಿ ಹೊಡೆಯೋರಿಗೆ ಕೊಡಬೇಕು, ಮಕ್ಕಳ ಫೀಸು ಬೇರೆ. ಫೋನ್ ಮಾಡಿದ ಕಡೆಯಲ್ಲೆಲ್ಲ ಒಂದೇ ಉತ್ತರ, “ಅಡಿಕೆ ಮಂಡಿಗೆ ಹಾಕಿದ ಮೇಲೆ ಬಾರಾ.” ತಪ್ಪಿಸಿಕೊಳ್ಳೋಕೆ ಹೇಳೋ ಮಾತು ಅಂದ್ಕೊಂಡಿದ್ದೆ. ಜನವರಿ ಕೊನೇಲಿ ಒಂದು ನೂರು ಪುಟದ ನೋಟ್‌ಬುಕ್ ಹಿಡ್ಕೊಂಡು ಹೋದ್ರೆ ಮೂರೇ ದಿನಕ್ಕೆ 34,000 ಆಯ್ತು, ಪ್ರತಿ ಮನೇಲೂ ಕಾಫಿ ಬೇರೆ. ಟಿಪ್ ಕೇಳೋರಿಲ್ಲ, ಒಟಿಪಿ ಇಲ್ಲ.

ಆದ್ರೆ ಆ ಜನವರಿ ದುಡ್ಡು ಸಾಲ ತೀರಿಸೋಕೆ ಹೋಯ್ತು. ಯಾಕಂದ್ರೆ ಶೂಟಿಂಗ್ ಆಗಲೇ ಮುಗಿದಿತ್ತು. ನಮ್ಮ ಪ್ಲಾನ್ ಇದ್ದಿದ್ದೇ ಆಷಾಢದಲ್ಲಿ, ಮಳೆ ಹೇಗೂ ಬೇಕು, ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತೆ, ವೇಷದ ಪೆಟ್ಟಿಗೆ ಕಮ್ಮಿಗೆ ಸಿಗುತ್ತೆ, ಮದುವೆ ಇರಲ್ಲ ಅಂತ ದುರ್ಗಿಗುಡಿ ಕಡೆ ಫೋಟೋ ಸ್ಟುಡಿಯೋದವರೊಬ್ಬರು ಕ್ಯಾಮೆರಾ ದಿನಕ್ಕೆ 1,500ಕ್ಕೆ ಒಪ್ಪಿದ್ರು. ಸೈಟು ‘7 ದಿನದಲ್ಲಿ ಅಕೌಂಟಿಗೆ’ ಅಂದಿತ್ತು, ಬಂದಿದ್ದು 23 ದಿನಕ್ಕೆ. ಮೂರು ಸಲ ಅದೇ ಪ್ಯಾನ್ ಕಾರ್ಡ್ ಫೋಟೋ ಕೇಳಿದ್ರು. ದುಡ್ಡು ಕೈಗೆ ಬರುವಾಗ ಆಷಾಢ ಮುಗೀತಾ ಬಂದಿತ್ತು, ಶ್ರಾವಣದ ಮದುವೆಗಳಿಗೆ ಕ್ಯಾಮೆರಾ ಬುಕ್ ಆಗಿತ್ತು, ಉಳಿದ ದಿನಕ್ಕೆ 2,500 ಕೊಟ್ವಿ. ಬಂದ 80,000ದಲ್ಲಿ ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ದುಡ್ಡು ದಾಟಿಸಿಕೊಡೋರು) 3 ಪರ್ಸೆಂಟು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 2,832 ಹೋಗಿ ಸಿಕ್ಕಿದ್ದು 77,168. ಇದು ನ್ಯಾಯವಾಗೇ ಇದೆ, ಮೊದಲೇ ಬರೆದೂ ಇತ್ತು.

ರಿವಾರ್ಡ್ ಅಂತ ಏನಾದ್ರೂ ಕೊಡಲೇಬೇಕು ಅಂತ ಸೈಟಿನವರ ಒತ್ತಾಯ. ಪೋಸ್ಟರು, ಟೀಶರ್ಟ್ ಯಾರೂ ತಗೊಳ್ಳಲಿಲ್ಲ. 1,500 ಕೊಟ್ಟರೆ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟ್ಲು ಅಂತ ಹಾಕಿದ್ದೇ ತಡ, 14 ಬಾಟ್ಲು ಹೋಯ್ತು, ಎಲ್ಲಾ ಬೆಂಗಳೂರಿಗೆ. ಎರಡು ಕೊರಿಯರಲ್ಲಿ ಒಡೆದು ರಸ ಎಲ್ಲ ಸೋರಿತ್ತು, ಅದನ್ನ ಮತ್ತೆ ಕಳಿಸಿದ್ವಿ.

ಎರಡೂವರೆ ಕೊಟ್ಟಿದ್ದು ಬೆಂಗಳೂರು, ಮುಂಬೈಲಿರೋ ನೆಂಟರು ಸ್ನೇಹಿತರು ನಂಬಿ ದುಡ್ಡು ಹಾಕೋಕೆ ಒಂದು ಪೇಜ್ ಅಂತ ಇತ್ತಲ್ಲ, ಯಾರು ಎಷ್ಟು ಕೊಟ್ರು ಅನ್ನೋ ಲೆಕ್ಕ ಎಲ್ಲರಿಗೂ ಕಾಣ್ತಿತ್ತಲ್ಲ, ಅದಕ್ಕೆ. ಊರಿನವರ ಹತ್ರ ದುಡ್ಡು ಕೇಳೋದಿದ್ರೆ ಮಾಘದಲ್ಲಿ ನೋಟ್‌ಬುಕ್ ಹಿಡ್ಕೊಂಡು ಹೋಗಿ, ಶೂಟಿಂಗ್ ಆಷಾಢಕ್ಕೆ ಇಟ್ಕೊಳ್ಳಿ.

ಫಿಲ್ಮು ಈಗ ಎಡಿಟಿಂಗಲ್ಲಿದೆ. ಕೊನೇಲಿ ಎಲ್ಲರ ಹೆಸರು ಹಾಕ್ತೀವಿ ಅಂತ ಮಾತು ಕೊಟ್ಟಿದ್ದೀವಿ, ಆ ಹೆಸರಿಲ್ಲದ 6 ಜನ ಯಾರು ಅಂತ ಸೈಟಿನವರು ಹೇಳ್ತಿಲ್ಲ. ಒಬ್ಬರು 5,001 ಹಾಕಿದಾರೆ, ಆ ಒಂದು ರೂಪಾಯಿ ನೋಡಿದ್ರೆ ನಮ್ಮ ಕಡೆಯವರೇ ಅಂತ ಗ್ಯಾರಂಟಿ. ನೀವೇ ಆಗಿದ್ರೆ ಒಂದು ಮೆಸೇಜ್ ಹಾಕಿ, ಉಪ್ಪಿನಕಾಯಿ ಇನ್ನೂ ಎರಡು ಬಾಟ್ಲು ಇದೆ.